ಹಳೇ ಪಿಕಪ್ಪಿನ ಬುಷ್ ಬಿಲ್ಲು

ನಮ್ಮ ತೋಟದ ಪಿಕಪ್ಪಿಗೆ ಈ ಸಲ 14,900 ರೂಪಾಯಿ ಬಿತ್ತು. ಎಂಜಿನ್ನಿಗಲ್ಲ, ಗೇರ್ ಬಾಕ್ಸಿಗಲ್ಲ, ಸಸ್ಪೆನ್ಷನ್ ಬುಷ್‌ಗಳಿಗೆ. 2013ರ ಮಾಡೆಲ್ ಗಾಡಿ, ಮಾರಿದರೆ ಎರಡೂವರೆ ಲಕ್ಷ ಬಂದರೆ ಹೆಚ್ಚು. ಬಿಲ್ಲು ನೋಡಿ ನನ್ನ ಬಾಮೈದ, "ಭಾವ, ಇದಕ್ಕೆ ಇನ್ನೂ ದುಡ್ಡು ಹಾಕ್ತೀರಾ? ಎಕ್ಸ್‌ಚೇಂಜಿಗೆ ಕೊಟ್ಟು ಹೊಸದು ತಗೊಳ್ಳಿ" ಅಂದ. ಮೆಕ್ಯಾನಿಕ್ಕಿನ ಸಲಹೆ ಬೇರೆ: "ಸದ್ದು ಬರ್ತಿರೋದು ಎಡಗಡೆ ಲೋವರ್ ಆರ್ಮಿಂದ, ಅದೊಂದು ಹಾಕಿದ್ರೆ ಸಾಕು ಸಾರ್." ಇಬ್ಬರ ಮಾತನ್ನೂ ಬಿಟ್ಟು ಮುಂದಿನ ಆರ್ಮ್‌ಗಳ ಎಂಟೂ ಬುಷ್, ಹಿಂದಿನ ಕಮಾನ್ ಪಟ್ಟಿಯ ಬುಷ್, ಶಾಕಲ್ ಬುಷ್, ಎಲ್ಲವನ್ನೂ ಒಟ್ಟಿಗೇ ಹಾಕಿಸಿದೆ. ಯಾಕೆ ಅನ್ನುವುದು ಬಿಲ್ಲಿನಲ್ಲೇ ಇದೆ.

ಮುಂದಿನ ಬುಷ್ ಎಂಟು, ತಲಾ 450ರಂತೆ 3,600. ಹಿಂದಿನ ಸೆಟ್ 1,800. ಶಾಕಲ್ ಪಿನ್, ಯು ಬೋಲ್ಟ್ 2,100. ಬಿಚ್ಚಿ ಕಟ್ಟುವ ಕೂಲಿ ಮತ್ತು ಲೇತ್ ಅಂಗಡಿಯ ಪ್ರೆಸ್ ಸೇರಿ 6,500. ವೀಲ್ ಅಲೈನ್‌ಮೆಂಟ್ 900. ಅಂದರೆ ರಬ್ಬರಿಗೆ ಹೋಗಿದ್ದು 5,400 ಮಾತ್ರ, ಮಿಕ್ಕ 9,500 ಅದರ ಸುತ್ತಲಿನ ಕೆಲಸಕ್ಕೆ. ಸ್ಪೇರ್ ಅಂಗಡಿಯಲ್ಲಿ 150ಕ್ಕೂ ಬುಷ್ ಸಿಗುತ್ತದೆ. ಡಬ್ಬಿ ಚೆನ್ನಾಗಿರುತ್ತದೆ, ಮಾಡಿದವರ ಹೆಸರು ಮಾತ್ರ ಇರುವುದಿಲ್ಲ. ಹಿಂದಿನ ಸೆಟ್ಟೂ 600ಕ್ಕೇ ಬರುತ್ತದೆ. ಹಾಗೆ ಮಾಡಿದ್ದರೆ 3,600 ಉಳಿದು ಬಿಲ್ಲು 11,300ಕ್ಕೆ ನಿಲ್ಲುತ್ತಿತ್ತು.

ಈಗ ಕಿಲೋಮೀಟರಿಗೆ ಲೆಕ್ಕ ಹಾಕೋಣ. ಒಳ್ಳೆಯ ಬುಷ್ ನಮ್ಮ ರಸ್ತೆಗಳಲ್ಲಿ 60,000 ಕಿ.ಮೀ. ಬರುತ್ತದೆ, ಅಗ್ಗದ್ದು 20,000 ಬರುತ್ತದೆ ಅಂತಿಟ್ಟುಕೊಳ್ಳಿ. 14,900ನ್ನು 60,000ದಿಂದ ಭಾಗಿಸಿದರೆ ಕಿಲೋಮೀಟರಿಗೆ ಸುಮಾರು 25 ಪೈಸೆ. ಅಗ್ಗದ್ದಾದರೆ ಅಷ್ಟೇ ದೂರಕ್ಕೆ ಮೂರು ಸಲ ಬಿಚ್ಚಬೇಕು. ಎರಡನೇ, ಮೂರನೇ ಸಲಕ್ಕೆ ಪಿನ್ನು ಬೋಲ್ಟು ಬೇಡ ಅಂತಲೇ ಹಿಡಿಯೋಣ, ಆದರೂ ತಲಾ 9,200. ಮೊದಲಿನ 11,300ಕ್ಕೆ ಈ ಎರಡು ಬಿಲ್ಲು ಸೇರಿದರೆ 29,700, ಅಂದರೆ ಕಿಲೋಮೀಟರಿಗೆ 50 ಪೈಸೆಗೆ ಹತ್ತಿರ. ಮೊದಲ ದಿನ 3,600 ಉಳಿಸಿದವರು ಕೊನೆಗೆ 14,800 ಹೆಚ್ಚು ಕೊಟ್ಟಿರುತ್ತಾರೆ. ಅಗ್ಗದ್ದು 20,000ದ ಬದಲು 40,000 ಬಂದರೆ? ಆಗ ಖರ್ಚು ಕಿಲೋಮೀಟರಿಗೆ 28 ಪೈಸೆ, ಆಗಲೂ ಅದು ಅಗ್ಗವಲ್ಲ. ಗಾಡಿ ಗ್ಯಾರೇಜಿನಲ್ಲಿ ನಿಂತ ದಿನ ಕೊಬ್ಬರಿಯನ್ನು ತಿಪಟೂರು ಮಾರುಕಟ್ಟೆಗೆ ಬಾಡಿಗೆ ಗಾಡಿಯಲ್ಲಿ ಸಾಗಿಸಿದ ಖರ್ಚನ್ನು ನಾನಿನ್ನೂ ಸೇರಿಸಿಲ್ಲ.

ಟೈರನ್ನೂ ಸೇರಿಸಬೇಕು. ಮುಂದಿನ ಜೋಡಿ ಟೈರಿಗೆ 11,000. ಆರ್ಮ್ ನೆಟ್ಟಗಿದ್ದರೆ ಅವು 50,000 ಓಡುತ್ತವೆ, ಕಿಲೋಮೀಟರಿಗೆ 22 ಪೈಸೆ. ಬುಷ್ ಸತ್ತ ಗಾಡಿಯಲ್ಲಿ ಒಳ ಅಂಚು ತಿಂದುಹೋಗಿ 25,000ಕ್ಕೇ ಬಿಸಾಡಬೇಕಾಗುತ್ತದೆ, ಅಲ್ಲಿಗೆ 44 ಪೈಸೆ. ಹೆಚ್ಚಾದ ಆ 22 ಪೈಸೆಯೇ ಬುಷ್ ಕೆಲಸದ 25 ಪೈಸೆಯನ್ನು ಹೆಚ್ಚುಕಡಿಮೆ ತೀರಿಸುತ್ತದೆ. ಎಷ್ಟೋ ಜನ ಟೈರು ತಿನ್ನುತ್ತಿದೆ ಎಂದು ಮತ್ತೆ ಮತ್ತೆ ಅಲೈನ್‌ಮೆಂಟ್ ಮಾಡಿಸುತ್ತಾರೆ. ಬುಷ್ ಸಡಿಲವಾಗಿದ್ದರೆ ಯಂತ್ರದ ಮೇಲೆ ಕೂರಿಸಿದ ಅಳತೆ ಮೊದಲ ಹಂಪಿಗೇ ಕದಲುತ್ತದೆ. ಆ 900 ನೀರಿಗೆ ಹಾಕಿದ ಹಾಗೆ.

ಎಡಗಡೆ ಒಂದೇ ಸಾಕು ಅಂದಿದ್ದರಲ್ಲ, ಬಿಚ್ಚಿದ ಮೇಲೆ ಎಲ್ಲವನ್ನೂ ಸಾಲಾಗಿ ಇಟ್ಟು ನೋಡಿದೆ. ಸದ್ದು ಮಾಡುತ್ತಿದ್ದ ಬುಷ್ಷಿನ ರಬ್ಬರು ಸುತ್ತಲೂ ಹರಿದಿತ್ತು. ಒಳಗಿನ ಕಬ್ಬಿಣದ ಕೊಳವೆ ನಡುವಿನಲ್ಲಿರದೆ ಒಂದು ಪಕ್ಕಕ್ಕೆ ಕುಸಿದು, ಇನ್ನೊಂದು ಪಕ್ಕದಲ್ಲಿ ಕಿರುಬೆರಳ ತುದಿ ಹೋಗುವಷ್ಟು ಸಂದಿ ಬಿಟ್ಟಿತ್ತು. ಬಲಗಡೆಯದು ಸದ್ದು ಮಾಡುತ್ತಿರಲಿಲ್ಲ, ಆದರೆ ಹೆಬ್ಬೆರಳಲ್ಲಿ ಒತ್ತಿದರೆ ಬಿರುಕು ಬಾಯಿ ಬಿಡುತ್ತಿತ್ತು. ಒಂದೇ ಭಾರ, ಒಂದೇ ರಸ್ತೆ, ಒಂದೇ ವಯಸ್ಸು. ಅದಕ್ಕಾಗಿ ಇನ್ನಾರು ತಿಂಗಳಿಗೆ ಮತ್ತೆ ಕೂಲಿ, ಮತ್ತೆ ಪ್ರೆಸ್, ಮತ್ತೆ ಅಲೈನ್‌ಮೆಂಟ್ ಯಾಕೆ ಕೊಡಬೇಕು?

ಇನ್ನು ಎಕ್ಸ್‌ಚೇಂಜ್. 2025ರ ಸೆಪ್ಟೆಂಬರ್ 22ರಿಂದ ಗೂಡ್ಸ್ ಗಾಡಿಗಳ ಜಿಎಸ್‌ಟಿ 28ರಿಂದ 18ಕ್ಕೆ ಇಳಿದಿರುವುದು ನಿಜ. ವಾಹನದ ಬಿಡಿಭಾಗಗಳಿಗೂ ಈಗ 18 ಅನ್ನುವುದನ್ನು ಶೋರೂಮಿನವರು ಹೇಳುವುದಿಲ್ಲ. ನನಗೆ ಸಿಟ್ಟು ಬರುವುದು ಗಾಡಿಯ ಮೇಲಲ್ಲ, ಅದರ ಜೊತೆ ಹೊರಿಸುವ ಫ್ಲಾಟ್ ಬಡ್ಡಿ ಸಾಲದ ಮೇಲೆ. 6 ಲಕ್ಷಕ್ಕೆ 8 ಪರ್ಸೆಂಟ್ ಫ್ಲಾಟ್, 48 ಕಂತು, ತಿಂಗಳಿಗೆ 16,500. ಅಸಲು ಕರಗುತ್ತಾ ಬಂದರೂ ಬಡ್ಡಿ ಮಾತ್ರ ಪೂರ್ತಿ 6 ಲಕ್ಷದ ಮೇಲೇ ಕೂತಿರುತ್ತದೆ. ರೆಡ್ಯೂಸಿಂಗ್ ಲೆಕ್ಕದಲ್ಲಿ ಅದು 14 ಪರ್ಸೆಂಟ್ ದಾಟುತ್ತದೆ. ಎಂಟು ಎಂದು ಬಾಯಲ್ಲಿ ಹೇಳಿ ಹದಿನಾಲ್ಕು ವಸೂಲಿ ಮಾಡುವ ಈ ಸಾಲವನ್ನು ರೈತರ ಮುಂದೆ ಇಡುವುದೇ ತಪ್ಪು. ಇದರ ಒಂದು ತಿಂಗಳ ಕಂತಿಗಿಂತ ನನ್ನ ಬುಷ್ ಬಿಲ್ಲು ಕಡಿಮೆ. ಚಾಸಿಸ್ ತುಕ್ಕು ತಿಂದಿದ್ದರೆ, ಎಂಜಿನ್ ಆಯಿಲ್ ಕುಡಿಯುತ್ತಿದ್ದರೆ ಮಾತು ಬೇರೆ. ಆಗ ಗಾಡಿ ಮಾರಿ, ಆದರೆ ರೆಡ್ಯೂಸಿಂಗ್ ದರವನ್ನು ಕಾಗದದ ಮೇಲೆ ಬರೆಸಿಕೊಳ್ಳದೆ ಸಹಿ ಹಾಕಬೇಡಿ. ಇನ್ಶೂರೆನ್ಸ್ ಸವೆತಕ್ಕೆ ದುಡ್ಡು ಕೊಡುವುದಿಲ್ಲ, ಆ ದಾರಿಯನ್ನು ಯೋಚಿಸುವುದೇ ಬೇಡ.

ದುಡ್ಡು ಹಾಕಿದ ಮೇಲೆ ಅದನ್ನು ಕಾಪಾಡುವುದೂ ನಮ್ಮ ಕೈಯಲ್ಲೇ ಇದೆ. ನಮ್ಮ ಕಡೆ ವಾಟರ್ ಸರ್ವಿಸ್ ಆದ ಕೂಡಲೇ ಗಾಡಿಯ ಅಡಿಗೆಲ್ಲ ಡೀಸೆಲ್ಲೋ ಸುಟ್ಟ ಆಯಿಲ್ಲೋ ಹೊಡೆಯುವ ರೂಢಿಯಿದೆ. ಪಟ್ಟಿಗೆ ತುಕ್ಕು ಹಿಡಿಯದಿರಲಿ ಅಂತ. ಆದರೆ ಅದೇ ಎಣ್ಣೆ ರಬ್ಬರಿಗೆ ಇಳಿದು, ರಬ್ಬರು ಊದಿ ಮೆತ್ತಗಾಗಿ ಹರಿಯುತ್ತದೆ. 450ರ ಬುಷ್ಷನ್ನು 150ರದ್ದಾಗಿ ಮಾಡುವುದು ಇದೇ. ದಯವಿಟ್ಟು ಬೇಡವೆನ್ನಿ, ಪಕ್ಕದಲ್ಲೇ ನಿಂತು ಬೇಡವೆನ್ನಿ. ಹಾಗೆಯೇ ಇನ್ನೊಂದು: ಗಾಡಿ ಜಾಕ್ ಮೇಲೆ, ಚಕ್ರ ಜೋತು ಬಿದ್ದಿರುವಾಗ ಬೋಲ್ಟ್ ಪೂರ್ತಿ ಬಿಗಿಯಲು ಬಿಡಬೇಡಿ. ಈ ಬುಷ್ಷಿನಲ್ಲಿ ರಬ್ಬರು ಕೊಳವೆಗೆ ಅಂಟಿಕೊಂಡು, ಆರ್ಮ್ ಆಡಿದಂತೆ ತಾನೇ ತಿರುಚಿಕೊಳ್ಳುತ್ತದೆ. ಜೋತಾಡುವ ಸ್ಥಿತಿಯಲ್ಲಿ ಬಿಗಿದರೆ ಗಾಡಿ ನೆಲಕ್ಕಿಳಿದ ಕ್ಷಣದಿಂದ ಅದು ತಿರುಚಿಕೊಂಡೇ ಇರುತ್ತದೆ, ಹೊಸದೇ ಆದರೂ ಬೇಗ ಹರಿಯುತ್ತದೆ. ಭಾರ ಚಕ್ರದ ಮೇಲೆ ಬಂದ ನಂತರವೇ ಕೊನೆಯ ಬಿಗಿ. ಇದಕ್ಕೆ ಹೆಚ್ಚಿಗೆ ಕೂಲಿ ಕೊಡಬೇಕಿಲ್ಲ, ಮೊದಲೇ ಹೇಳಬೇಕು ಅಷ್ಟೆ.

ಎಂಟು ವರ್ಷ ದಾಟಿದ ಗೂಡ್ಸ್ ಗಾಡಿಗೆ ವರ್ಷಕ್ಕೊಮ್ಮೆ ಎಫ್‌ಸಿ ಹೇಗೂ ಇದೆ. ನಾನು ಅದರ ಹಿಂದಿನ ತಿಂಗಳೇ ಗಾಡಿಯ ಅಡಿ ನೋಡಿಸುತ್ತೇನೆ, ಎಫ್‌ಸಿ ದಿನದ ಅವಸರದಲ್ಲಿ ಸಿಕ್ಕ ಮಾಲನ್ನೇ ಹಾಕಬೇಕಾಗುವುದಿಲ್ಲ. ಓಡಿದ ಪ್ರತಿ ಕಿಲೋಮೀಟರಿಗೆ ಒಂದು ರೂಪಾಯಿಯಂತೆ ತಿಂಗಳ ಕೊನೆಗೆ ಬೇರೆ ಖಾತೆಗೆ ಹಾಕುತ್ತೇನೆ. ಈ ಬಿಲ್ಲು ತೀರಿದ್ದೂ ಅದರಿಂದಲೇ. ಹಿಂದಿನ ಶಾಕ್ ಅಬ್ಸಾರ್ಬರ್ ಒಂದರಲ್ಲಿ ಆಯಿಲ್ ಜಿನುಗುತ್ತಿದೆ, ಮುಂದಿನ ಖರ್ಚು ಅದು. ಜೋಡಿಯಾಗಿಯೇ ಬದಲಾಯಿಸುತ್ತೇನೆ.