ಮಗ್ಗಿಗೆ ಮೊದಲು ಕಸಬರಿಗೆ ಕಡ್ಡಿ

ತುಂಗಭದ್ರಾ ಡ್ಯಾಮಿಗೆ 33 ಗೇಟು. 2024ರ ಆಗಸ್ಟ್‌ನಲ್ಲಿ ಕೊಚ್ಚಿಹೋದದ್ದು 19ನೆಯದು. ಅದರ ಮುಂದೆ ಇನ್ನೆಷ್ಟು ಗೇಟು ಎಂದು ಹೊಸಪೇಟೆಯ ಮೂರನೇ ತರಗತಿ ಮಗುವನ್ನು ಕೇಳಿ ನೋಡಿ. 33ರಲ್ಲಿ 19 ಕಳೆದು 26 ಎಂದು ಬರೆದೀತು. ಬೈಯಬೇಡಿ. ‘ಹೆಂಗ ಬಂತವ್ವ, ಹೇಳು’ ಅನ್ನಿ. ಮೂರರಲ್ಲಿ ಒಂಬತ್ತು ಹೋಗದೆಂದು ಒಂಬತ್ತರಲ್ಲೇ ಮೂರು ಕಳೆದಿರುತ್ತದೆ. ತಪ್ಪಾದರೂ ಯೋಚಿಸಿಯೇ ಮಾಡಿದ್ದು.

ಈಗ ಕಸಬರಿಗೆ ಕಡ್ಡಿ ಮುರಿದು ಹತ್ತತ್ತರ ಮೂರು ಕಟ್ಟು ಮಾಡಿ, ಮೂರು ಬಿಡಿ ಇಡಿ. ಒಂದು ಕಟ್ಟನ್ನು ಮಗುವೇ ಬಿಚ್ಚಲಿ. ಬಿಡಿ ಕಡ್ಡಿ 13 ಆದವು. ಒಂಬತ್ತು ತೆಗೆದರೆ ನಾಲ್ಕು. ಉಳಿದ ಎರಡು ಕಟ್ಟಿನಲ್ಲಿ ಒಂದು ಹೋದರೆ ಒಂದು. ಉತ್ತರ 14. ‘ದಶಕ ತಗೋ’ ಎಂದು ನೂರು ಸಲ ಹೇಳಿದರೂ ತಲೆಗೆ ಹತ್ತದ್ದು ಇಲ್ಲಿ ಕೈಗೇ ಸಿಗುತ್ತದೆ.

ಟೀಚರಮ್ಮ, ನಿಮ್ಮ ಶಾಲೆಗೆ ಗಣಿತ ಕಲಿಕಾ ಆಂದೋಲನದ ಕಿಟ್ ಬಂದಿದ್ದರೆ ಬೀರುವಿನಿಂದ ಹೊರಗೆ ತೆಗೆಯಿರಿ. ಅದರಲ್ಲಿನ ಆಟದ ನೋಟು ಹರಿದರೆ ಹರಿಯಲಿ ಬಿಡಿ!

ಮನೆಯಲ್ಲಿ ಇನ್ನೊಂದು ಶಾಲೆ ಬೇಡ. ಕಂಪ್ಲಿಯಲ್ಲಾಗಲಿ ಸಂಡೂರಿನಲ್ಲಾಗಲಿ, ಬಾಳೆಹಣ್ಣು ಕೊಂಡಾಗ ಚಿಲ್ಲರೆ ಎಣಿಸುವ ಕೆಲಸ ಮಗುವಿನದು. ಹಂಪಿಗೆ ಹೋದರೆ ಮಂಟಪದ ಒಂದು ಸಾಲಿನ ಕಂಬ ಎಣಿಸಿ, ಸಾಲುಗಳ ಸಂಖ್ಯೆಯಿಂದ ಗುಣಿಸಲಿ. ಮಗ್ಗಿಯೂ ಬೇಕು, ರಾತ್ರಿ ಊಟಕ್ಕೆ ಮುಂಚೆ ಹತ್ತು ನಿಮಿಷ ಸಾಕು.