ಮಂಕು ಕವಿದ ಮನಸ್ಸು

ದಾವಣಗೆರೆ ಜಿಲ್ಲೆಯ ಚನ್ನಗಿರಿ ತಾಲ್ಲೂಕಿನಲ್ಲಿ ಕತ್ತಲಗೆರೆ ಎಂಬ ಗ್ರಾಮವಿದೆ. ಭದ್ರಾ ನಾಲೆಯ ನೀರನ್ನು ನಂಬಿದ ಭತ್ತದ ಗದ್ದೆಗಳೂ ಅಡಿಕೆಯ ತೋಟಗಳೂ ಆ ಸೀಮೆಯ ಜನರ ಜೀವನಾಧಾರ. ಅಲ್ಲಿ ಒಂದು ಕೃಷಿ ಸಂಶೋಧನಾ ಕೇಂದ್ರವೂ ಉಂಟು. ಅಡಿಕೆಮರದ ಗರಿ ಹಳದಿಗೆ ತಿರುಗಿದರೆ ಆ ಭಾಗದ ರೈತನು ಮರವನ್ನು ಬೈಯುವುದಿಲ್ಲ. ಬುಡವನ್ನು ಬಿಡಿಸಿ ನೋಡುತ್ತಾನೆ, ಬಲ್ಲವರನ್ನು ಕೇಳುತ್ತಾನೆ. ಮನುಷ್ಯನ ಮನಸ್ಸು ಬಾಡಿದಾಗ ಮಾತ್ರ ಬಹುಮಂದಿ ಮೊದಲು ಮಾಡುವ ಕೆಲಸ ಬೈಯುವುದೇ ಆಗಿದೆ.

ಇಂತಹ ಊರಿನ ಒಂದು ಮನೆಯನ್ನು ನಿದರ್ಶನಕ್ಕೆಂದು ಕಲ್ಪಿಸಿಕೊಳ್ಳಬಹುದು. ಮನೆಯ ಯಜಮಾನನಿಗೆ ನಲವತ್ತರ ಆಸುಪಾಸು. ಎರಡು ಎಕರೆ ತೋಟ. ವೃದ್ಧ ತಾಯಿ, ಹೆಂಡತಿ, ಒಂಬತ್ತನೆಯ ತರಗತಿಯಲ್ಲಿ ಓದುವ ಮಗಳು. ಬೇಸಿಗೆಯಲ್ಲಿ ನಾಲೆಗೆ ಸರದಿಯ ಮೇಲೆ ನೀರು ಬಿಟ್ಟಾಗ ನಡುರಾತ್ರಿಯಾದರೂ ಬ್ಯಾಟರಿ ಹಿಡಿದು ತೋಟಕ್ಕೆ ಹೋಗುತ್ತಿದ್ದ ಮನುಷ್ಯ ಅವನು. ಒಂದು ಬೇಸಿಗೆಯಲ್ಲಿ ಸರದಿಯ ದಿನವೂ ಅವನು ಹಾಸಿಗೆ ಬಿಟ್ಟು ಏಳಲಿಲ್ಲ. ಊಟ ಸೇರದಾಯಿತು. ಬೆಳಗಿನ ಜಾವ ಮೂರಕ್ಕೇ ಎಚ್ಚರವಾಗಿ, ತೊಲೆಯನ್ನು ನೋಡುತ್ತ ಬಿದ್ದಿರುತ್ತಿದ್ದನು. ತಲೆನೋವು, ಮೈಕೈ ನೋವು, ಎದೆಯಲ್ಲಿ ಉರಿ ಎನ್ನುತ್ತಿದ್ದನು. ಪ್ರೀತಿಯ ಮಗಳು ಬಹುಮಾನ ತಂದು ತೋರಿಸಿದರೂ ಮುಖದಲ್ಲಿ ಗೆಲುವು ಮೂಡಲಿಲ್ಲ.

“ಯಾಕಪ್ಪಾ, ಮೈಗೆ ಸರಿ ಇಲ್ಲವೇನು?” ಎಂದು ತಾಯಿ ಕೇಳಿದರೆ, “ಏನಿಲ್ಲವ್ವ” ಎಂಬುದೊಂದೇ ಉತ್ತರ. ನೆರೆಯವರು ಸೋಮಾರಿತನವೆಂದರು. ಬಂಧುಗಳು ಗಾಳಿ ಸೋಕಿರಬೇಕೆಂದು ಅಂತ್ರ ಕಟ್ಟಿಸಿದರು. ಗೆಳೆಯನೊಬ್ಬನು, ಮನಸ್ಸಿದ್ದರೆ ಮಾರ್ಗವಲ್ಲವೇ, ಸ್ವಲ್ಪ ಧೈರ್ಯ ತಂದುಕೊ ಎಂದನು. ಗಾದೆಯೇನೋ ಒಳ್ಳೆಯದೇ, ಆದರೆ ಮನಸ್ಸೇ ಕಾಯಿಲೆ ಬಿದ್ದಿರುವಾಗ ಅದನ್ನು ಹೇಳುವುದು ಕಾಲು ಮುರಿದವನಿಗೆ ಎದ್ದು ಓಡು ಎಂದಂತೆ.

ಈ ಸ್ಥಿತಿಗೆ ವೈದ್ಯಶಾಸ್ತ್ರದಲ್ಲಿ ಖಿನ್ನತೆ ಎಂದು ಹೆಸರು. ದುಃಖವೆಲ್ಲವೂ ಖಿನ್ನತೆಯಲ್ಲ. ಬೆಳೆ ಹೋದರೆ, ಆಪ್ತರು ತೀರಿಕೊಂಡರೆ, ಪರೀಕ್ಷೆಯಲ್ಲಿ ಅನುತ್ತೀರ್ಣರಾದರೆ ದುಃಖವಾಗುವುದು ಸಹಜ. ನಾಲ್ಕು ಜನರ ಒಡನಾಟದಲ್ಲಿ ಅದು ದಿನೇ ದಿನೇ ಇಳಿಯುತ್ತ ಬರುತ್ತದೆ. ಮನಸ್ಸಿನ ಕುಗ್ಗುವಿಕೆ ಅಥವಾ ಯಾವುದರಲ್ಲಿಯೂ ಆಸಕ್ತಿಯಿಲ್ಲದಿರುವಿಕೆ ಎರಡು ವಾರಗಳಿಗೂ ಮಿಕ್ಕಿ, ದಿನದ ಬಹುಭಾಗ ಬಿಡದೆ ಕಾಡಿ, ಅದರೊಂದಿಗೆ ನಿದ್ರೆ ಹಸಿವುಗಳು ಕೆಟ್ಟು, ಸುಸ್ತು ಆವರಿಸಿ, ತಾನು ಯಾವುದಕ್ಕೂ ಬಾರದವನೆಂಬ ಭಾವನೆ ಬಲಿತಾಗ ಅದನ್ನು ರೋಗವೆಂದೇ ತಿಳಿಯಬೇಕು. ಹಳ್ಳಿಗಾಡಿನಲ್ಲಿ ಎಷ್ಟೋ ಜನ ಮನಸ್ಸಿನ ನೋವನ್ನು ಹೇಳುವುದಿಲ್ಲ. ತಲೆನೋವು, ಉರಿ, ಸೆಳೆತಗಳನ್ನು ಹೇಳುತ್ತಾರೆ. ಹೀಗಾಗಿ ವೈದ್ಯರಿಂದ ವೈದ್ಯರಿಗೆ ಅಲೆದು ಹಣ ಕಳೆದುಕೊಂಡವರೂ ಇದ್ದಾರೆ.

ಇದರ ಕಾರಣ ಒಂದೇ ಅಲ್ಲ. ಕೆಲವು ಮನೆತನಗಳಲ್ಲಿ ಈ ರೋಗದ ಒಲವು ವಂಶಪಾರಂಪರ್ಯವಾಗಿ ಬರುತ್ತದೆ. ಸಾಲ, ಮದ್ಯಪಾನ, ದೀರ್ಘಕಾಲದ ಕಾಯಿಲೆ, ಮನೆಯಲ್ಲಿನ ಹಿಂಸೆ ಇವು ಅದಕ್ಕೆ ಇಂಬು ಕೊಡುತ್ತವೆ. ಪುರುಷರಿಗಿಂತ ಸ್ತ್ರೀಯರಲ್ಲಿ ಇದು ಹೆಚ್ಚು. ಬಾಣಂತಿಯರನ್ನೂ ಇದು ಬಾಧಿಸುವುದುಂಟು. ರೋಗವಿದ್ದಾಗ ಮೆದುಳಿನ ಕಾರ್ಯದಲ್ಲಿಯೇ ಏರುಪೇರು ಉಂಟಾಗಿರುತ್ತದೆ. ಕ್ಷಯರೋಗಕ್ಕೆಂದು ತಯಾರಾದ ಒಂದು ಔಷಧಿಯು ರೋಗಿಗಳ ಮನಸ್ಸನ್ನೂ ಗೆಲುವಾಗಿಸುವುದನ್ನು 1950ರ ದಶಕದಲ್ಲಿ ವೈದ್ಯರು ಆಕಸ್ಮಿಕವಾಗಿ ಗಮನಿಸಿದರು. ಖಿನ್ನತೆಗೆ ಮದ್ದುಂಟೆಂಬ ಅರಿವು ಬೆಳೆಯಲು ಅದೂ ಒಂದು ಕಾರಣವಾಯಿತು.

ಮದ್ದೇನೋ ದೊರೆಯಿತು. ಆದರೆ ಹಳ್ಳಿಯವನು ಅದಕ್ಕಾಗಿ ಎಲ್ಲಿಗೆ ಹೋಗಬೇಕು? ಬೆಂಗಳೂರಿನಲ್ಲಿ ಹತ್ತೊಂಬತ್ತನೆಯ ಶತಮಾನದಲ್ಲಿಯೇ ಸ್ಥಾಪಿತವಾಗಿದ್ದ ಹುಚ್ಚಾಸ್ಪತ್ರೆಗೆ 1925ರಲ್ಲಿ ಮಾನಸಿಕ ಆಸ್ಪತ್ರೆ ಎಂಬ ಗೌರವದ ಹೆಸರು ಬಂದಿತು. 1954ರಲ್ಲಿ ಅದರೊಡನೆ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಆರಂಭವಾಯಿತು. 1974ರಲ್ಲಿ ಇವೆರಡೂ ಒಂದುಗೂಡಿ ರಾಷ್ಟ್ರೀಯ ಮಾನಸಿಕ ಆರೋಗ್ಯ ಮತ್ತು ನರವಿಜ್ಞಾನ ಸಂಸ್ಥೆ, ಅಂದರೆ ಜನರ ಬಾಯಲ್ಲಿ ನಿಮ್ಹಾನ್ಸ್, ರೂಪುಗೊಂಡಿತು. ದೂರದ ಜಿಲ್ಲೆಗಳ ರೋಗಿಗಳು ಬಸ್ಸಿನಲ್ಲಿ ರಾತ್ರಿಯೆಲ್ಲ ಪ್ರಯಾಣ ಮಾಡಿ ಅಲ್ಲಿಗೆ ಬರುವುದನ್ನು ಕಂಡ ವೈದ್ಯರಿಗೆ, ರೋಗಿಯು ಆಸ್ಪತ್ರೆಯ ಬಳಿಗೆ ಬರುವ ಬದಲು ಚಿಕಿತ್ಸೆಯೇ ರೋಗಿಯ ಬಳಿಗೆ ಹೋಗಬಾರದೇಕೆ ಎಂಬ ಯೋಚನೆ ಹೊಳೆಯಿತು. ಬೆಂಗಳೂರಿನ ಸಮೀಪದ ಸಕಲವಾರದಲ್ಲಿ ಮೊದಲ ಪ್ರಯೋಗಗಳು ನಡೆದವು. ಅನಂತರ 1985ರಲ್ಲಿ, ಜಗಳೂರು ಸೀಮೆಗೆ ನೆರೆಯಾದ ಅಂದಿನ ಬಳ್ಳಾರಿ ಜಿಲ್ಲೆಯನ್ನು ಆರಿಸಿಕೊಳ್ಳಲಾಯಿತು. ಸುಮಾರು 20 ಲಕ್ಷ ಜನಸಂಖ್ಯೆಯ ಆ ಜಿಲ್ಲೆಯ ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರಿಗೂ ಆರೋಗ್ಯ ಕಾರ್ಯಕರ್ತರಿಗೂ ಅಲ್ಪಾವಧಿಯ ತರಬೇತಿ ನೀಡಿ, ಬೇಕಾದ ಕೆಲವೇ ಔಷಧಿಗಳನ್ನು ಅಲ್ಲಿಯೇ ದೊರೆಯುವಂತೆ ಮಾಡಲಾಯಿತು. ಜ್ವರಕ್ಕೂ ನೆಗಡಿಗೂ ಮದ್ದು ಕೊಡುವ ವೈದ್ಯರೇ ಮನಸ್ಸಿನ ಕಾಯಿಲೆಗಳನ್ನೂ ಗುರುತಿಸಿ ಚಿಕಿತ್ಸೆ ನೀಡಬಲ್ಲರೆಂಬುದು ಅಲ್ಲಿ ರುಜುವಾತಾಯಿತು. 1996ರಲ್ಲಿ ಭಾರತ ಸರ್ಕಾರವು ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮವನ್ನು ಕೈಗೊಂಡಾಗ ಬಳ್ಳಾರಿಯೇ ಅದಕ್ಕೆ ಮಾದರಿ. ಕರ್ನಾಟಕದ ಹಳ್ಳಿಗಳಿಂದ ದೇಶ ಕಲಿತ ಪಾಠ ಇದು. ಕನ್ನಡಿಗರೇ ಇದನ್ನು ಅಷ್ಟಾಗಿ ಅರಿಯದಿರುವುದು ಸೋಜಿಗ. ಮುಂದೆ ಕರ್ನಾಟಕ ಸರ್ಕಾರವು ‘ಮನೋಚೈತನ್ಯ’ ಎಂಬ ಕಾರ್ಯಕ್ರಮದಡಿ ಮನೋವೈದ್ಯರು ಮಂಗಳವಾರಗಳಂದು ತಾಲ್ಲೂಕು ಆಸ್ಪತ್ರೆಗಳಿಗೆ ಬಂದು ರೋಗಿಗಳನ್ನು ನೋಡುವ ವ್ಯವಸ್ಥೆ ಮಾಡಿತು.

ಹೀಗೆ ದಾರಿಯ ದೂರ ಕಡಿಮೆಯಾಯಿತು. ಆದರೆ ಹಾಸಿಗೆಯಿಂದ ಮನೆಯ ಹೊಸ್ತಿಲವರೆಗಿನ ದೂರವೇ ಎಲ್ಲಕ್ಕಿಂತ ದೊಡ್ಡದು. ನಿಮ್ಹಾನ್ಸ್ ನೇತೃತ್ವದಲ್ಲಿ 2015-16ರಲ್ಲಿ ನಡೆದ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ, ಪ್ರತಿ ಇಪ್ಪತ್ತು ಮಂದಿ ವಯಸ್ಕರಲ್ಲಿ ಒಬ್ಬರು ಬಾಳಿನ ಯಾವುದಾದರೊಂದು ಘಟ್ಟದಲ್ಲಿ ಖಿನ್ನತೆಗೆ ಒಳಗಾದವರು. ಖಿನ್ನತೆಯುಳ್ಳ ನೂರು ಮಂದಿಯಲ್ಲಿ ಸುಮಾರು 85 ಮಂದಿಗೆ ಚಿಕಿತ್ಸೆ ದೊರೆತಿರಲಿಲ್ಲ. ಊರಿನವರು ಏನೆಂದಾರೋ, ಮಗಳ ಮದುವೆಗೆ ಅಡ್ಡಿಯಾದೀತೋ ಎಂಬ ಅಂಜಿಕೆಯೇ ಎಷ್ಟೋ ಮನೆಗಳ ಬಾಗಿಲಿಗೆ ಅಗುಳಿ ಹಾಕಿರುತ್ತದೆ.

ನಿದರ್ಶನದ ಮನೆಯಲ್ಲಿ ಆ ಅಗುಳಿಯನ್ನು ತೆಗೆದವಳು ಮಗಳು. ಒಂದು ರಾತ್ರಿ ತಂದೆಯು ಅವಳ ತಲೆ ನೇವರಿಸಿ, “ನಾನಿಲ್ಲದಿದ್ದರೆ ನಿಮಗೆಲ್ಲ ಸುಖ, ಮಗಾ” ಎಂದನು. ಯಾರಿಗೂ ಹೇಳಬೇಡವೆಂದೂ ಸೇರಿಸಿದನು. ಹುಡುಗಿಗೆ ನಿದ್ರೆ ಬರಲಿಲ್ಲ. ತಂದೆಯ ಮಾತನ್ನು ಮೀರುವುದು ಸುಲಭವಲ್ಲ. ಆದರೆ ಇಂತಹ ಮಾತು ಗುಟ್ಟಾಗಿ ಉಳಿಯತಕ್ಕದ್ದಲ್ಲವೆಂದು ಅವಳಿಗೆ ತೋರಿತು. ಬೆಳಗಾಗುತ್ತಲೇ ತಾಯಿಗೆ ಹೇಳಿದಳು. ತಾಯಿ ಅದೇ ಓಣಿಯ ಆಶಾ ಕಾರ್ಯಕರ್ತೆಯನ್ನು ಕರೆತಂದಳು. “ಅಣ್ಣಾ, ನಾಚಿಕೊಳ್ಳುವಂಥಾದ್ದು ಏನೂ ಇಲ್ಲ, ಡಾಕ್ಟರರ ಹತ್ತಿರ ನಾನೂ ಜೊತೆಗೆ ಬರುತ್ತೇನೆ” ಎಂದು ಆಕೆ ಹೇಳಿದ ಮೇಲೆ, ಅವನು ಮೌನವಾಗಿ ಅಂಗಿ ತೊಟ್ಟುಕೊಂಡನು.

ಆರೋಗ್ಯ ಕೇಂದ್ರದ ವೈದ್ಯರು ರಕ್ತವನ್ನು ಪರೀಕ್ಷೆಗೆ ಕಳುಹಿಸಿದರು. ರಕ್ತಹೀನತೆ, ಥೈರಾಯ್ಡ್ ಗ್ರಂಥಿಯ ದೋಷಗಳಲ್ಲಿಯೂ ಇಂತಹ ಲಕ್ಷಣಗಳು ತೋರುವುದುಂಟು. ಬಳಿಕ ಅವನೊಬ್ಬನನ್ನೇ ಕೂರಿಸಿಕೊಂಡು, “ಯಜಮಾನರೇ, ಬದುಕಿ ಪ್ರಯೋಜನವಿಲ್ಲ ಎಂದು ಎಂದಾದರೂ ಅನ್ನಿಸಿದ್ದುಂಟೆ?” ಎಂದು ನೇರವಾಗಿ ಕೇಳಿದರು. ಹೀಗೆ ಕೇಳುವುದರಿಂದ ಇಲ್ಲದ ಯೋಚನೆಯನ್ನು ತಲೆಗೆ ತುಂಬಿದಂತಾಗುತ್ತದೆ ಎಂಬುದು ತಪ್ಪು ಕಲ್ಪನೆ. ತಿಂಗಳುಗಳಿಂದ ಒತ್ತಿಹಿಡಿದಿದ್ದ ಅಳು ಒಡೆದು ಬಂದಿತು. ವೈದ್ಯರು ಅವನನ್ನು ಒಂಟಿಯಾಗಿ ಬಿಡದಂತೆ ಮನೆಯವರಿಗೆ ತಿಳಿಸಿ, ಅಂದೇ ದಾವಣಗೆರೆಯ ಜಿಲ್ಲಾ ಆಸ್ಪತ್ರೆಯ ಮನೋವೈದ್ಯರಲ್ಲಿಗೆ ಕಳುಹಿಸಿದರು. ಇಂತಹ ಸಂದರ್ಭದಲ್ಲಿ ನಾಳೆ ನೋಡೋಣ ಎನ್ನುವಂತಿಲ್ಲ.

ಮನೋವೈದ್ಯರು ಕೊಟ್ಟ ಮಾತ್ರೆಯು ನಿದ್ರೆಮಾತ್ರೆಯಾಗಿರಲಿಲ್ಲ, ಚಟ ಹಿಡಿಸುವಂತಹುದೂ ಅಲ್ಲ. ಅದರ ಗುಣ ಕಾಣಿಸಲು ಎರಡರಿಂದ ನಾಲ್ಕು ವಾರ ಬೇಕು. ಮೊದಲ ವಾರ ಹೊಟ್ಟೆ ತೊಳಸಿದಂತಾಗಿ, ಪ್ರಯೋಜನವೂ ಕಾಣದೆ, ಬಹಳಷ್ಟು ಮಂದಿ ಔಷಧಿಯನ್ನು ಬಿಟ್ಟುಬಿಡುವುದು ಈ ಘಟ್ಟದಲ್ಲಿಯೇ. ಗುಣವಾದ ಬಳಿಕವೂ ಆರು ತಿಂಗಳಾದರೂ ಅದನ್ನು ಮುಂದುವರಿಸಬೇಕು; ನಿಲ್ಲಿಸುವುದು ವೈದ್ಯರ ಮಾತಿನಂತೆಯೇ. ಔಷಧಿಯಷ್ಟೇ ಮುಖ್ಯವಾದುದು ಮಾತು. ಆಪ್ತಸಮಾಲೋಚಕರು ಅವನಿಗೆ ಉಪದೇಶ ಮಾಡಲಿಲ್ಲ. ಅವನ ಮಾತನ್ನು ಆಲಿಸಿ, ದಿನಕ್ಕೊಂದು ಸಣ್ಣ ಕೆಲಸ ಗೊತ್ತುಮಾಡಿದರು. ಮೊದಲ ದಿನದ ಕೆಲಸ ಹಿತ್ತಲಿನವರೆಗೆ ನಡೆಯುವುದು.

ಖಿನ್ನತೆ ಹಿರಿಯರಿಗೆ ಮಾತ್ರ ಮೀಸಲಾದುದಲ್ಲ. ಹದಿಹರೆಯದವರಲ್ಲಿ ಅದು ಅಳುವಿಗಿಂತ ಸಿಡುಕಾಗಿ ತೋರಬಹುದು. ಆಟ ಬೇಡವಾಗಬಹುದು, ಓದಿದ್ದು ತಲೆಗೆ ಹತ್ತದೆ ಅಂಕಗಳು ಇಳಿಯಬಹುದು. ಅಂತಹ ವಿದ್ಯಾರ್ಥಿಯು ನಂಬಿಕೆಯ ಹಿರಿಯರೊಬ್ಬರಿಗೆ, ತಂದೆತಾಯಿಗೋ ಅಧ್ಯಾಪಕರಿಗೋ, ಇದ್ದದ್ದನ್ನು ಇದ್ದಂತೆ ಹೇಳುವುದು ಚಿಕಿತ್ಸೆಯ ಮೊದಲ ಮೆಟ್ಟಿಲು. ಹೇಳಲು ಯಾರೂ ಇಲ್ಲವೆನಿಸಿದರೆ 2022ರ ಅಕ್ಟೋಬರ್ 10ರಂದು ಆರಂಭವಾದ ಟೆಲಿ ಮಾನಸ್ ಎಂಬ ಸರ್ಕಾರಿ ದೂರವಾಣಿ ಸೇವೆಯುಂಟು. 14416ಕ್ಕೆ ಹಗಲಿರುಳೆನ್ನದೆ ಕರೆ ಮಾಡಿ ಕನ್ನಡದಲ್ಲಿಯೇ ಮಾತನಾಡಬಹುದು, ಅದಕ್ಕೆ ಶುಲ್ಕವಿಲ್ಲ. 2017ರ ಮಾನಸಿಕ ಆರೋಗ್ಯ ರಕ್ಷಣಾ ಕಾಯಿದೆಯು ಸರ್ಕಾರಿ ಆಸ್ಪತ್ರೆಗಳಲ್ಲಿ ಮನಸ್ಸಿನ ಕಾಯಿಲೆಗೆ ಚಿಕಿತ್ಸೆ ಪಡೆಯುವುದನ್ನು ಹಕ್ಕನ್ನಾಗಿ ಮಾಡಿದೆ. ರೋಗಿಯ ವಿವರಗಳನ್ನು ಗೋಪ್ಯವಾಗಿಡಬೇಕೆಂದೂ ವಿಧಿಸಿದೆ.

ನಾಲ್ಕನೆಯ ವಾರ ನಾಲೆಗೆ ನೀರು ಬಂದಿತು. ರೈತನು ಇಡೀ ತೋಟಕ್ಕೆ ನೀರು ಹಾಯಿಸಲಿಲ್ಲ. ನಾಲ್ಕು ಸಾಲಿಗೆ ಹಾಯಿಸುವಷ್ಟರಲ್ಲಿ ದಣಿದು ಬದುವಿನ ಮೇಲೆ ಕುಳಿತನು. ಉಳಿದ ಸಾಲುಗಳಿಗೆ ಅವನ ಹೆಂಡತಿಯೂ, ಹಿಂದೆ ಅವನನ್ನು ಸೋಮಾರಿಯೆಂದಿದ್ದ ನೆರೆಯವನೂ ಸೇರಿ ನೀರು ಕಟ್ಟಿದರು. ಮಗಳು ಬುತ್ತಿ ತಂದಾಗ ಅವನು, ರೊಟ್ಟಿಗೆ ಉಪ್ಪು ಕಡಿಮೆಯಾಗಿದೆ ಎಂದನು. ಎಷ್ಟೋ ದಿನಗಳ ಮೇಲೆ ಅವನ ನಾಲಗೆಗೆ ರುಚಿ ತಿಳಿದಿತ್ತು. ಮುಂದಿನ ತಿಂಗಳು ಮತ್ತೆ ಆಸ್ಪತ್ರೆಗೆ ಹೋಗಬೇಕಾದ ದಿನವನ್ನು ಅವಳು ಅಡಿಗೆಮನೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿಟ್ಟಿದ್ದಳು.