ಶೇ. 91 ನಿಖರತೆ, 34 ಜನ: ಖಿನ್ನತೆ ಮತ್ತು ಮೆದುಳಿನ ಸ್ಕ್ಯಾನ್

ಮೆಷಿನ್ ಲರ್ನಿಂಗ್ ಲ್ಯಾಬಿನಲ್ಲಿ ಶೇ. 91 ನಿಖರತೆ ಬಂದರೆ ನಾವು ಖುಷಿಯಾಗಿ ರೆಕಾರ್ಡಿಗೆ ಸಹಿ ಹಾಕಿಸ್ಕೋತೀವಿ. ಆ ಅಂಕಿ ಒಬ್ಬರ ಜೀವಕ್ಕೆ ಸಂಬಂಧಿಸಿದ್ದರೆ?

2017ರಲ್ಲಿ ಅಮೆರಿಕದ ಮಾರ್ಸೆಲ್ ಜಸ್ಟ್ ಮತ್ತು ಸಂಗಡಿಗರು ಒಂದು ಅಧ್ಯಯನ ಪ್ರಕಟಿಸಿದರು. ಆತ್ಮಹತ್ಯೆಯ ಯೋಚನೆಯಿದ್ದ 17 ಯುವಜನರು, ಇಲ್ಲದ 17 ಮಂದಿ. ಎಫ್‌ಎಂಆರ್‌ಐ ಯಂತ್ರದೊಳಗೆ ಅವರಿಗೆ ‘ಸಾವು’, ‘ತೊಂದರೆ’, ‘ಹೊಗಳಿಕೆ’ಯಂಥ ಪದಗಳನ್ನು ತೋರಿಸಲಾಯಿತು. ಕಂಪ್ಯೂಟರ್ 34ರಲ್ಲಿ 31 ಜನರನ್ನು ಸರಿಯಾಗಿ ವಿಂಗಡಿಸಿತು!

ಈ ಯಂತ್ರ ಯೋಚನೆಯನ್ನು ಓದೋದಿಲ್ಲ. ಮೆದುಳಿನ ಯಾವ ಭಾಗ ಚುರುಕಾಗುತ್ತದೋ ಅಲ್ಲಿಗೆ ಆಮ್ಲಜನಕವಿರುವ ರಕ್ತ ಹೆಚ್ಚು ಹರಿಯುತ್ತದೆ. ಆಮ್ಲಜನಕ ಇರುವ ಮತ್ತು ಇಲ್ಲದ ಹಿಮೋಗ್ಲೋಬಿನ್‌ನ ಕಾಂತೀಯ ಗುಣ ಬೇರೆ ಬೇರೆ. ಯಂತ್ರ ಅಳೆಯೋದು ಈ ವ್ಯತ್ಯಾಸವನ್ನು, ಮೆದುಳಿನ ಸಾವಿರಾರು ಪುಟ್ಟ ಘನಗಳಲ್ಲಿ.

ಎಡವಟ್ಟು ಇಲ್ಲೇ. ಅಳತೆಗಳು ಸಾವಿರಾರು, ಜನ ಬರೀ 34. ಗುಂಪುಗಳನ್ನು ಚೆನ್ನಾಗಿ ಬೇರ್ಪಡಿಸುವ ಪದಗಳನ್ನೂ ಜಾಗಗಳನ್ನೂ ಅದೇ ದತ್ತಾಂಶದಿಂದ ಆರಿಸಿದ್ದರು. ಪ್ರಶ್ನೆಪತ್ರಿಕೆ ನೋಡ್ಕೊಂಡೇ ಓದಿ ಪರೀಕ್ಷೆ ಬರೆದ ಹಾಗೆ. ನಮ್ಮ ಭಾಷೆಯಲ್ಲಿ, ಓವರ್‌ಫಿಟ್ಟಿಂಗ್. ಬೇರೆ ಸಂಶೋಧಕರು ಇದನ್ನು ಎತ್ತಿ ತೋರಿಸಿದರು; 2023ರಲ್ಲಿ ಪ್ರಬಂಧವನ್ನು ಹಿಂತೆಗೆದುಕೊಳ್ಳಲಾಯಿತು.

ಒಂದು ವೇಳೆ ಮಾಡೆಲ್ ಸರಿಯಾಗಿಯೇ ಇತ್ತು ಅಂದ್ಕೊಳ್ಳಿ. 1000 ವಿದ್ಯಾರ್ಥಿಗಳಲ್ಲಿ 10 ಜನ ಅಪಾಯದಲ್ಲಿದ್ದಾರೆ ಎಂದು ಲೆಕ್ಕಕ್ಕೆ ಹಿಡಿಯೋಣ. ಆ ಅಧ್ಯಯನದ ಅಂಕಿಗಳ ಪ್ರಕಾರ (17ಕ್ಕೆ 15, 17ಕ್ಕೆ 16) 10ರಲ್ಲಿ ಸುಮಾರು 9 ಜನ ಸಿಗುತ್ತಾರೆ. ಉಳಿದ 990ರಲ್ಲಿ ಸುಮಾರು 58 ಜನರಿಗೂ ಸುಮ್ಮಸುಮ್ಮನೆ ಹಣೆಪಟ್ಟಿ ಬೀಳುತ್ತದೆ. ಅಂದರೆ ಗುರುತಿಸಿದ 67 ಜನರಲ್ಲಿ ನಿಜವಾದವರು 9. ತಪ್ಪಿಹೋದ ಆ ಒಬ್ಬರಿಗೆ ‘ನೀನು ಆರಾಮಾಗಿದ್ದೀಯ’ ಅಂದಿರುತ್ತೇವೆ.

ಹಾಗಂತ ಸಂಶೋಧನೆ ವ್ಯರ್ಥವಲ್ಲ. ಎನಿಗ್ಮಾ ಒಕ್ಕೂಟ ಹಲವು ದೇಶಗಳ ಸಾವಿರಾರು ಸ್ಕ್ಯಾನ್‌ಗಳನ್ನು ಒಟ್ಟುಗೂಡಿಸಿದೆ. ಅಲ್ಲಿ ಕಂಡ ವ್ಯತ್ಯಾಸಗಳು ಸಣ್ಣವು, ಗುಂಪಿನ ಸರಾಸರಿಯವು. ಒಬ್ಬರ ಭವಿಷ್ಯ ಹೇಳಲು ಅವು ಸಾಲವು.

ಸದ್ಯಕ್ಕೆ ಸ್ಕ್ಯಾನರ್‌ಗಿಂತ ಹತ್ತಿರ ಇರೋರು ನಾವೇ. ವಿಜಯನಗರದ ಪಿ.ಜಿ. ರೂಮ್‌ಮೇಟ್ ಊಟ ಬಿಟ್ಟಿದ್ದರೆ, ಕೆಂಗೇರಿಯಿಂದ ದಿನಾ ಜೊತೆಗೆ ಬರೋ ಗೆಳತಿ ಮಾತೇ ನಿಲ್ಲಿಸಿದ್ದರೆ, ನೇರವಾಗಿ ಕೇಳಿ: “ಸಾಯಬೇಕು ಅನ್ನಿಸ್ತಿದೆಯಾ?” ಕೇಳಿದರೆ ಆ ಯೋಚನೆ ಹುಟ್ಟುತ್ತೆ ಅನ್ನೋದು ತಪ್ಪು ನಂಬಿಕೆ. ಬುದ್ಧಿವಾದ ಬೇಡ, ಕೇಳಿಸಿಕೊಳ್ಳಿ. ಹೌದು ಅಂದರೆ ಒಂಟಿಯಾಗಿ ಬಿಡಬೇಡಿ. ಹತ್ತಿರದ ಆಸ್ಪತ್ರೆಗೋ ಹೊಸೂರು ರಸ್ತೆಯ ನಿಮ್ಹಾನ್ಸ್‌ಗೋ ಜೊತೆಗೇ ಹೋಗಿ.

2022ರ ಅಕ್ಟೋಬರ್‌ನಲ್ಲಿ ಶುರುವಾದ ಟೆಲಿ ಮಾನಸ್‌ಗೂ ನಿಮ್ಹಾನ್ಸ್ ಕೇಂದ್ರ ಸಂಸ್ಥೆ. ಸಂಖ್ಯೆ 14416: ದಿನದ 24 ಗಂಟೆ, ಉಚಿತ, ಕನ್ನಡದಲ್ಲೇ ಮಾತಾಡಬಹುದು. ಗೆಳೆಯರಿಗಾಗಿ ಮಾತ್ರವಲ್ಲ, ನಿಮಗೇ ಬೇಕೆನಿಸಿದರೂ ಕರೆ ಮಾಡಿ. ಈಗಲೇ ಫೋನಿನಲ್ಲಿ ಸೇವ್ ಮಾಡ್ಕೊಳ್ಳಿ.